ಹಳ್ಳದಾಚೆಯ ಎಮ್ಮೆಗಳು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ದಾಸೋಹದ ಅಡುಗೆಮನೆಯನ್ನು ಕಿರಿಯನಿಗೆ ಒಪ್ಪಿಸಿ ವರ್ಷವಾಗುತ್ತ ಬಂತು. ಇವತ್ತಿಗೂ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾನೇ ಹೋಗಿ ನೋಡಬೇಕು. ನಾನು ಹೋಗದ ದಿನ ಅನ್ನ ಸೀಯುತ್ತದೆ, ಇಲ್ಲವೇ ಬಂದವರು ಮುಖ ಕಿವುಚುತ್ತಾರೆ. ಕೊಟ್ಟ ಮೇಲೂ ಹೊರೆ ಇಳಿಯಲಿಲ್ಲ. ಇದು ಅವನ ದಡ್ಡತನವೋ, ನನ್ನ ಕರ್ಮವೋ?"

ಗುರುಗಳು ಎರಡಕ್ಕೂ ಹೌದೆನ್ನಲಿಲ್ಲ. ಕುಳಿತುಕೊಳ್ಳಲು ಹೇಳಿ ಈ ಕತೆಯನ್ನು ಶುರುಮಾಡಿದರು.

ಕಾಡಿನ ಅಂಚಿನಲ್ಲಿ ಒಬ್ಬ ಗೌಳಿತಿ ಇದ್ದಳು. ಗಂಡ ತೀರಿಕೊಂಡಾಗ ಮಗಳಿನ್ನೂ ಕಂಕುಳ ಕೂಸು. ಆ ಕೂಸನ್ನೂ ಎಮ್ಮೆಗಳನ್ನೂ ಒಬ್ಬಳೇ ಸಾಕಿದಳು. ಅಲ್ಲಿ ಎಮ್ಮೆಗಳು ಹಗಲೆಲ್ಲ ಕಾಡಿನಲ್ಲಿ ಮೇಯುತ್ತವೆ. ಸಂಜೆ ಅವುಗಳನ್ನು ಹುಡುಕಿಕೊಂಡು ಯಾರೂ ಒಳಗೆ ಹೋಗುವುದಿಲ್ಲ. ಒಡತಿ ನಿಂತು ಕೂಗುತ್ತಾಳೆ, ಎಮ್ಮೆಗಳು ಆ ದನಿಗೆ ಬರುತ್ತವೆ. ಬೇರೆ ದನಿಗೆ ತಲೆ ಎತ್ತಿ ನೋಡುತ್ತವೆ, ಬರುವುದಿಲ್ಲ. ಹೊಸ ದನಿ ಕಲಿಯಬೇಕಾದರೆ ಹಳೆಯ ದನಿ ಅವುಗಳ ಕಿವಿಗೆ ಬೀಳಬಾರದು. ಗೌಳಿಗರ ಮಕ್ಕಳಿಗೂ ಇದು ಗೊತ್ತು. ಆಕೆಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಮಗಳು ಬೆಳೆದಳು. ಮದುವೆಯಾಯಿತು. ಅಳಿಯ ಘಟ್ಟದಾಚೆಯವನು, ಬಡವ, ಮಾತು ಕಡಿಮೆ. ಮಗಳು ಕಣ್ಣೆದುರಿಗೇ ಇರಲಿ ಎಂದು ತಾಯಿ ಇಬ್ಬರನ್ನೂ ಅಲ್ಲಿಯೇ ಉಳಿಸಿಕೊಂಡಳು. ಹಿರಿಯರನ್ನು ಕೂರಿಸಿದಳು. ಮಗಳ ಅಂಗೈಗೆ ಅರಿಸಿನ ಹಚ್ಚಿ, ಒಂದೊಂದೇ ಎಮ್ಮೆಯ ಹಣೆಗೆ ಒತ್ತಿಸಿ ಅರ್ಧ ಮಂದೆಯನ್ನು ಕೊಟ್ಟಳು. ಹಳ್ಳದಾಚೆ, ಹುಲ್ಲು ಚೆನ್ನಾಗಿರುವ ಬಯಲಿನಲ್ಲಿ, ಮಗಳಿಗೆ ಬೇರೆ ದೊಡ್ಡಿ ಕಟ್ಟಿಸಿದಳು. ಹಿರಿಯರು ಇಂಥ ತಾಯಿ ಎಲ್ಲೂ ಇಲ್ಲವೆಂದು ಹೊಗಳಿ, ಉಂಡು, ಎದ್ದು ಹೋದರು. ಸಂಜೆ ಆಕೆ ಎಂದಿನಂತೆ ಮನೆಯ ಹಿಂದಿನ ಬಂಡೆ ಹತ್ತಿ ಕೂಗಿದಳು. ಎರಡೂ ಮಂದೆ ಆಕೆಯ ಅಂಗಳಕ್ಕೇ ಬಂದವು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಮಗಳು ದಿನಾ ಹಳ್ಳ ದಾಟಿ ಬಂದು ತನ್ನ ಎಮ್ಮೆಗಳನ್ನು ತಾಯಿಯ ಅಂಗಳದಿಂದ ಹೊಡೆದುಕೊಂಡು ಹೋಗಬೇಕು. ಬಂದವಳನ್ನು ತಾಯಿ ಸುಮ್ಮನೆ ಕಳಿಸುತ್ತಿರಲಿಲ್ಲ. ಈ ಎಮ್ಮೆಯ ಕೆಚ್ಚಲು ಪೂರ್ತಿ ಕರೆದಿಲ್ಲ, ಆ ಎಮ್ಮೆಯ ಗೊರಸು ನೋಡಿಲ್ಲ, ಬೆಣ್ಣೆಯಲ್ಲಿ ಹೊಗೆ ವಾಸನೆ ಬರುತ್ತದೆ ಎಂದು ಹೇಳಿಯೇ ಕಳಿಸುತ್ತಿದ್ದಳು. ನೆರೆಯವರಿಗೆ ಇದು ತಮಾಷೆಯಾಯಿತು. ಅತ್ತೆ ಕೂಗಿದರೆ ಎಮ್ಮೆಗಳ ಹಿಂದೆ ಅಳಿಯನೂ ಬಾಲ ಅಲ್ಲಾಡಿಸುತ್ತ ಬರುತ್ತಾನೆ ಎಂದು ಆಡಿಕೊಂಡರು. ಮಾತು ಅಳಿಯನ ಕಿವಿಗೂ ಬಿತ್ತು. ಅವನು ಊಟ ಕಡಿಮೆ ಮಾಡಿದ.

ಒಂದು ದಿನ ಮಗಳು ತಾಯಿಯ ಎದುರು ಬಂದು ನಿಂತಳು.

"ಅವ್ವಾ, ಸ್ವಲ್ಪ ದಿನ ನೀನು ಕೂಗಬೇಡ. ನಿನ್ನ ಎಮ್ಮೆಗಳನ್ನು ನಿನ್ನ ಅಳಿಯ ಹೊಡೆದುಕೊಂಡು ಬರುತ್ತಾನೆ. ನನ್ನವು ನನ್ನ ದನಿ ಕಲಿಯಲಿ."

"ನಿನ್ನ ದನಿಯನ್ನು ಅವು ಕಲಿಯುವಷ್ಟರಲ್ಲಿ ಅವುಗಳ ರುಚಿಯನ್ನು ಹುಲಿ ಕಲಿತಿರುತ್ತದೆ."

"ಹಾಗಾದರೆ ನಿನ್ನ ಎಮ್ಮೆ ನೀನೇ ಇಟ್ಟುಕೋ. ನಾನು ಇವನ ಊರಿಗೆ ಹೋಗಿ ಯಾರದಾದರೂ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತೇನೆ. ಅಲ್ಲಿ ಕೂಲಿಯಾದರೂ ನನ್ನದಾಗಿರುತ್ತದೆ."

ಮಗಳು ಆಡಿದರೆ ಮಾಡುವವಳು. ಯಾರ ಹೊಟ್ಟೆಯಲ್ಲಿ ಹುಟ್ಟಿದವಳು ಎಂಬುದು ತಾಯಿಗೆ ಗೊತ್ತಿತ್ತು. ಅಂದು ಸಂಜೆ ಆಕೆ ಬಾಯಿ ಮುಚ್ಚಿಕೊಂಡಿರಲು ನಿಜವಾಗಿ ಪ್ರಯತ್ನಪಟ್ಟಳು. ಮಗಳು ಒಂದು ಸಲ ಕೂಗಿದಳು. ಎರಡನೆಯ ಸಲ ಕೂಗಿದಳು. ಮೂರನೆಯದಕ್ಕೆ ಮಗಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಾಯಿ ಕೂಗಿಬಿಟ್ಟಿದ್ದಳು. ಮಗಳು ಮನೆಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದಳು.

ತಾಯಿ ಹುಲಿಯ ಮಾತು ತೆಗೆದದ್ದು ಬರಿ ಬೆದರಿಕೆಗಲ್ಲ. ಆ ಕಾಡಿನಲ್ಲಿ ಒಂದು ಹೆಣ್ಣು ಹುಲಿ ಇತ್ತು. ಅದರ ಸಂಸಾರವೆಲ್ಲ ಗೌಳಿತಿಗೆ ತಿಳಿದದ್ದೇ. ಸಂಸಾರವೆಂದರೆ ದೊಡ್ಡದೇನಲ್ಲ. ಹುಲಿ ಮಂದೆ ಕಟ್ಟಿಕೊಂಡು ಬದುಕುವ ಪ್ರಾಣಿಯಲ್ಲ. ಗಂಡು ಬಂದು ಹೋಗುತ್ತದೆ, ಮರಿ ಸಾಕುವ ಪಾಡು ತಾಯಿಯದು. ಕಣ್ಣು ಬಿಡದ ಎರಡು ಮರಿಗಳನ್ನು ಅದು ಬಾಯಲ್ಲಿ ಕಚ್ಚಿಕೊಂಡು ಪೊದೆಯಿಂದ ಪೊದೆಗೆ ಸಾಗಿಸಿತ್ತು. ಹುಲಿ ಎಂದರೆ ಹಾರಿದಾಗಲೆಲ್ಲ ಜಿಂಕೆ ಸಿಗುತ್ತದೆ ಎಂದು ಜನ ತಿಳಿಯುತ್ತಾರೆ. ಹೆಚ್ಚಿನ ಸಲ ಸಿಗುವುದು ಧೂಳು. ಸಿಕ್ಕ ದಿನ ಮರಿಗಳನ್ನು ಕರೆದು ತಿನ್ನಲು ಬಿಟ್ಟು, ಉಳಿದದ್ದನ್ನು ಎಲೆಕಸದಲ್ಲಿ ಮುಚ್ಚಿ ಕಾಯುತ್ತಿತ್ತು. ಮರಿಗಳು ಬಲಿತ ಮೇಲೆ ಗಂಡು ಮರಿ ದೂರದ ಕಾಡಿಗೆ ಹೋಯಿತು. ಹೆಣ್ಣು ಮರಿ ಹಳ್ಳದಾಚೆಯ ಬಯಲಿನಲ್ಲಿ ಉಳಿಯಿತು. ಜಿಂಕೆಗಳಿರುವುದು ಆ ಬಯಲಿನಲ್ಲಿಯೇ. ತಾಯಿ ಹುಲಿ ಬಯಲನ್ನು ಬಿಟ್ಟು ಕಲ್ಲುಗುಡ್ಡದ ಕಡೆಗೆ ಸರಿಯಿತು. ಹಳ್ಳದ ದಡದ ಮತ್ತಿ ಮರದಲ್ಲಿ ಅದರ ಉಗುರಿನ ಹಳೆಯ ಗೀರುಗಳಿದ್ದವು. ಅವುಗಳ ಮೇಲೆ ಎಳೆಯ ಹುಲಿಯ ಹೊಸ ಗೀರುಗಳು ಬಿದ್ದವು. ಹುಲಿಗಳಲ್ಲಿ ಹಿರಿಯರನ್ನು ಕೂರಿಸಿ ಊಟ ಹಾಕುವ ಪದ್ಧತಿ ಇಲ್ಲ.

ಗೌಳಿತಿ ಅದನ್ನು ನೋಡಿ ನಕ್ಕಿದ್ದಳು. ಕೊಬ್ಬಿದ ಜಿಂಕೆಯನ್ನು ಮಗಳಿಗೆ ಬಿಟ್ಟು ತಾನು ಕಲ್ಲು ನೆಕ್ಕುವವಳು ತಾಯಿಯಲ್ಲ, ಪೆದ್ದಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ಮಗಳು ಗಂಟು ಕಟ್ಟಿದ ಮರುದಿನ ಬೆಳಗ್ಗೆ ಗೌಳಿತಿ ಸೊಪ್ಪು ಕೊಯ್ಯಲು ಗುಡ್ಡದ ಅಂಚಿಗೆ ಹೋಗಿದ್ದಳು. ಕೆಳಗೆ ಹಳ್ಳ ಕಾಣುತ್ತಿತ್ತು. ಆಚೆ ದಡದ ಹುಲ್ಲಿನಲ್ಲಿ ಎಳೆಯ ಹುಲಿ ಹೊಟ್ಟೆ ನೆಲಕ್ಕೆ ಒತ್ತಿ ಒಂದು ಜಿಂಕೆಯ ಕಡೆಗೆ ತೆವಳುತ್ತಿತ್ತು. ಈಚೆ ದಡದ ಪೊದೆಯಲ್ಲಿ ತಾಯಿ ಹುಲಿ ಕುಳಿತಿತ್ತು. ಅದರ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಎಳೆಯದು ಅವಸರಪಟ್ಟು ದೂರದಿಂದಲೇ ಹಾರಿತು. ಜಿಂಕೆ ತಪ್ಪಿಸಿಕೊಂಡು ಗಾಬರಿಯಲ್ಲಿ ಹಳ್ಳದ ಅಂಚಿಗೇ ಓಡಿ ಬಂದು ನಿಂತಿತು. ತಾಯಿ ಹುಲಿಗೆ ಅದು ಒಂದು ನೆಗೆತದ ದೂರ. ಅದು ಎದ್ದಿತು. ಹುಲಿ ಎರಡು ಹೆಜ್ಜೆ ಇಟ್ಟು ಮತ್ತಿ ಮರದ ಬುಡವನ್ನು ಮೂಸಿತು. ಸ್ವಲ್ಪ ಹೊತ್ತು ಮೂಸಿತು. ಆಮೇಲೆ ತಿರುಗಿ, ಖಾಲಿ ಹೊಟ್ಟೆಯಲ್ಲಿ ಕಲ್ಲುಗುಡ್ಡವನ್ನು ಹತ್ತಿ ಹೋಯಿತು. ಜಿಂಕೆ ಓಡಿತು. ಎಳೆಯ ಹುಲಿ ಹುಲ್ಲಿನಲ್ಲಿ ಒಂಟಿಯಾಗಿ ಕುಳಿತಿತ್ತು.

ಗೌಳಿತಿ ದಾರಿಯುದ್ದಕ್ಕೂ ಆ ಹುಲಿಯನ್ನು ಬೈದಳು. ಮನೆ ಹತ್ತಿರ ಬರುವ ಹೊತ್ತಿಗೆ ಬೈಗುಳ ನಿಂತಿತ್ತು. ಅಂದು ತನ್ನ ಎಮ್ಮೆಗಳನ್ನು ಕಾಡಿಗೆ ಬಿಡಲಿಲ್ಲ. ಕಟ್ಟಿಹಾಕಿ ಸೊಪ್ಪು ಹಾಕಿದಳು. ಮಗಳ ಮನೆಗೆ ಹೋಗಿ, ಇವತ್ತೊಂದು ಸಂಜೆ ಕೂಗಿ ನೋಡು, ಆಮೇಲೆ ಹೋಗುವವರನ್ನು ನಾನು ತಡೆಯುವುದಿಲ್ಲ ಎಂದಳು. ಮಗಳು ನಂಬಲಿಲ್ಲ. ಆದರೂ ಒಪ್ಪಿದಳು.

ಹೊತ್ತು ಮುಳುಗಿತು. ಮಗಳು ಕೂಗಿದಳು. ಕಾಡಿನಂಚಿಗೆ ಬಂದಿದ್ದ ಎಮ್ಮೆಗಳು ತಲೆ ಎತ್ತಿ ಬಂಡೆಯ ಕಡೆ ನೋಡಿದವು. ಬಂಡೆಯ ಮೇಲೆ ತಾಯಿ ನಿಂತಿದ್ದಳು. ಮಗಳು ಮತ್ತೆ ಕೂಗಿದಳು. ಎಮ್ಮೆಗಳು ಕದಲಲಿಲ್ಲ. ಅಷ್ಟರಲ್ಲಿ ಮರದ ಮೇಲೆ ಮುಸುವ ಕೋತಿಯೊಂದು ಕೆಮ್ಮಿದಂತೆ ಅರಚಿತು. ಮುಸುವ ಹಾಗೆ ಅರಚಿದರೆ ಕೆಳಗೆ ಹುಲಿ ನಡೆಯುತ್ತಿದೆ ಎಂದೇ ಅರ್ಥ. ತಾಯಿಯ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು. ಆಕೆ ಬಂಡೆಯಿಂದ ಇಳಿದಳು. ಎಮ್ಮೆಗಳಿಗೆ ಕಾಣದಂತೆ ಅದರ ಹಿಂದೆ ಕುಳಿತಳು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

ಮಗಳ ದನಿ ಒಡೆಯಿತು. ಒಡೆದ ದನಿಯಲ್ಲಿಯೇ ಕೂಗುತ್ತ ಹೋದಳು. ಬಹಳ ಹೊತ್ತಿನ ಮೇಲೆ ಮುಂದಿನ ಮುದಿ ಎಮ್ಮೆ ಖಾಲಿ ಬಂಡೆಯಿಂದ ಮುಖ ತಿರುಗಿಸಿ, ದನಿ ಬಂದ ಕಡೆಗೆ ಹೊರಟಿತು. ಉಳಿದವು ಅದರ ಹಿಂದೆ ಹೊರಟವು. ಕೊನೆಯಲ್ಲಿ ಒಂದು ಕರು ಹಿಂದುಳಿಯಿತು. ಪೊದೆ ಒಂದು ಸಲ ಅಲ್ಲಾಡಿತು. ಅಳಿಯ ತಗಡು ಬಡಿಯುತ್ತ, ಪಂಜು ಹಿಡಿದು ಓಡಿದ. ಅವನು ಮುಟ್ಟುವಷ್ಟರಲ್ಲಿ ಹುಲ್ಲಿನಲ್ಲಿ ಎಳೆದುಕೊಂಡು ಹೋದ ಗುರುತು ಮಾತ್ರ ಇತ್ತು. ಎಳೆಯ ಹುಲಿಯ ಪ್ರಯತ್ನವೂ ಅಂದು ವ್ಯರ್ಥವಾಗಲಿಲ್ಲ.

ಬೆಳಗಾಗುತ್ತಲೇ ಮಗಳು ಬಂದಳು. ಕಣ್ಣು ಕೆಂಪಾಗಿತ್ತು.

"ನೀನು ಬಂಡೆಯ ಹಿಂದೆ ಕೂತಿದ್ದೆ. ನಾನು ನೋಡಿದೆ. ದಿನಾ ಬೇಡವೆಂದರೂ ಕೂಗುವವಳು ನಿನ್ನೆ ಒಂದು ಸಲ ಕೂಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

ತಾಯಿಯ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆಕೆ ಅದನ್ನೂ ನುಂಗಿದಳು. ಮಗಳು ಬಹಳ ದಿನ ತಾಯಿಯ ಜೊತೆ ಮಾತು ಬಿಟ್ಟಳು. ಘಟ್ಟದಾಚೆಗೆ ಮಾತ್ರ ಹೋಗಲಿಲ್ಲ. ಹೋಗುವುದಕ್ಕೆ ಪುರುಸೊತ್ತಿರಲಿಲ್ಲ. ಸಂಜೆಯಾದರೆ ಎಮ್ಮೆಗಳು ಅವಳ ಅಂಗಳಕ್ಕೆ ಬರುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ತಾಯಿಯ ಮೇಲೆ ಸಿಟ್ಟು ಬಂದಿತ್ತು.

"ಆಕೆ ಕೂಗಿದ್ದರೆ ಆ ಕರು ಉಳಿಯುತ್ತಿತ್ತಲ್ಲವೇ?" ಎಂದು ಕೇಳಿದ.

"ಉಳಿಯುತ್ತಿತ್ತು," ಎಂದರು ಗುರುಗಳು, "ಮಗಳಿಗೆ ಮಾತ್ರ ಇವತ್ತಿಗೂ ಒಂದು ಎಮ್ಮೆಯೂ ಇರುತ್ತಿರಲಿಲ್ಲ."