ಸೆರಗುಬಂಡೆ

ಘಟ್ಟದ ಬುಡದಲ್ಲಿ, ಕಾಲುದಾರಿ ಹಳ್ಳ ದಾಟುವಲ್ಲಿ, ಆಳೆತ್ತರದ ಕರಿಬಂಡೆಯೊಂದಿದೆ. ಬೈನೆ ಮರದಿಂದ ಇಳಿಸಿದ ರಸವನ್ನು ಕಾಸಿ ಮಾಡಿದ ಜೋನಿಬೆಲ್ಲವನ್ನು ಇಂದಿಗೂ ಅದರ ನೆರಳಿನಲ್ಲೇ ಮಾರುತ್ತಾರೆ. ಮಾರಲು ಕೂರುವವರೆಲ್ಲ ಹೆಂಗಸರು. ಊರಿಗೆ ಹೊಸಬರಾದವರು ಸೆರಗುಬಂಡೆ ಎಂಬ ಹೆಸರು ಕೇಳಿ ಅದರ ಮೈಯಲ್ಲಿ ಸೆರಗಿನ ಆಕಾರ ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಅಂಥದ್ದೇನೂ ಇಲ್ಲ. ಸೆರಗು ಇದ್ದದ್ದು ಹೊನ್ನಕ್ಕನ ಕೈಮೇಲೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕನೊಬ್ಬ ಆಳುತ್ತಿದ್ದಾಗ, ಕೆರಿಯನೆಂಬವನು ಇಲ್ಲಿ ಬೆಲ್ಲ ಮಾರುತ್ತಿದ್ದನಂತೆ. ಮರ ಹತ್ತಿ ರಸ ಇಳಿಸುವುದು ಅವನ ಕೆಲಸ. ಕಾಸುವುದು ಅಕ್ಕ ಹೊನ್ನಕ್ಕನದು. ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದ್ದ ಅವಳಿಗೆ ಒಲೆಯೇ ಲೋಕ. ಕುದಿಯುವ ಪಾಕ ಸಿಡಿದು ಸಿಡಿದು ಅವಳ ಕೈಗಳು ಮೊಣಕೈವರೆಗೂ ಕಲೆಗಟ್ಟಿದ್ದವು. ಬೆಲ್ಲದ ಹೆಸರು ನಾಯಕನ ಕಿವಿಗೂ ಬಿತ್ತು. ಹದ ಹಿಡಿದವರಿಗೆ ಹೊದಿಸಿ ಬಾ ಎಂದು ಶಾಲು ಕೊಟ್ಟು ಅವನು ಕಾರಭಾರಿಯನ್ನು ಕಳಿಸಿದ. ಬಂಡೆಯ ಬಳಿ ಪರವೂರಿನ ಗಿರಾಕಿಗಳು ನೆರೆದಿದ್ದ ಹೊತ್ತು. ಕಾರಭಾರಿ ಬೆಲ್ಲ ನೆಕ್ಕಿ, "ಇದು ಯಾರ ಕೈಯದು?" ಎಂದ. ಶಾಲಿನ ಜರಿ ಕೆರಿಯನ ಕಣ್ಣು ಕುಕ್ಕಿತು. "ನಂದೇ, ಒಡ್ಯಾ" ಎಂದುಬಿಟ್ಟ. ಆಗಲೇ ಬೆಲ್ಲದ ಕೊಡ ಹೊತ್ತು ಬಂದು ಹಿಂದೆ ನಿಂತಿದ್ದಳು ಹೊನ್ನಕ್ಕ. ಅವಳು ಯಾರೆಂದು ಕೇಳಿದ್ದಕ್ಕೆ, "ನಮ್ಮಕ್ಕ. ಕೊಡ ಹೊತ್ಕಂಡ್ ಬಂದವ್ಳೆ, ಅಷ್ಟೇ" ಎಂದ. ಹೊನ್ನಕ್ಕ ಕೊಡ ಇಳಿಸಿ, ಸೆರಗೆಳೆದು ಎರಡೂ ಕೈ ಮುಚ್ಚಿಕೊಂಡಳು. ಅವನ ಸುಳ್ಳನ್ನು ಹಿಡಿದುಕೊಡುವ ಸಾಕ್ಷಿ ಎಂದರೆ ಆ ಕಲೆಗಳೇ.

ಕಾರಭಾರಿ ಹೊದಿಸಿದ ಶಾಲು ಕೆರಿಯನ ಹೆಗಲ ಮೇಲೆ ಕೆಂಡದಂತೆ ಕೂತಿತು. ಮನೆಗೆ ಬಂದರೆ ಅಕ್ಕ ಎಂದಿನಂತೆ ಬಡಿಸಿ, "ಉಂಡ್ಕ ತಮಾ, ತಣೀತದೆ" ಎಂದಳು. ಬೈದಿದ್ದರೆ ಉಣ್ಣುತ್ತಿದ್ದನೇನೋ, ತಟ್ಟೆ ಬಿಟ್ಟು ಎದ್ದ. ಬೆಳಗಾಗುತ್ತಲೇ ನಾಯಕನ ಚಾವಡಿಗೆ ಹೋಗಿ, ಶಾಲನ್ನು ನೆಲಕ್ಕಿಟ್ಟು, "ನಾ ಮರ ಹತ್ತವ ಅಷ್ಟೇ. ಹದ ನಮ್ಮಕ್ಕಂದು" ಎಂದ. ಚಾವಡಿಯೆಲ್ಲ ನಕ್ಕಿತು. ನಗಲಿ ಎಂದೇ ತಲೆ ತಗ್ಗಿಸಿ ನಿಂತ. ಕಾರಭಾರಿ ಅದೇ ಶಾಲು ಹಿಡಿದು ಅವನೊಂದಿಗೆ ಮತ್ತೆ ಬಂಡೆಗೆ ಬಂದ. ಹೊನ್ನಕ್ಕನನ್ನು ಕರೆಸಿದರು. ಅವಳು ಶಾಲಿಗೆ ಸೆರಗಿನೊಳಗಿನಿಂದಲೇ ಕೈ ಚಾಚಿದಳು. "ಕೈ ಹೊರಗೆ ತೆಗಿಯೇ ಅಕ್ಕಾ, ಎಲ್ಲಾ ಹೇಳಿ ಬಂದೆ" ಎಂದು ಕೆರಿಯ ಅಂಗಲಾಚಿದ.

"ಬ್ಯಾಡ ತಮಾ," ಎಂದಳು ಮೆಲ್ಲಗೆ. "ಈ ಕೈ ನಾಕು ಜನರೆದ್ರು ಕಂಡ್ರೆ ನಿಂಗೆ ನಾಚ್ಕೆ ಆಗ್ತದಲ. ಅದ್ಕೇ ಅಲ್ವನಾ ನೀ ಹಂಗಂದದ್ದು."

ಅಲ್ಲವೆಂದು ಅವನು ಬದುಕಿಡೀ ಹೇಳಿದನಂತೆ. ಅವಳು ನಂಬಲಿಲ್ಲ. ಪರರೆದುರು ಸಾಯುವ ತನಕ ಕೈ ತೋರಿಸಲೂ ಇಲ್ಲ ಎನ್ನುತ್ತಾರೆ.

ಈಗ ಅಲ್ಲಿಗೆ ಹೋದವರು ನೋಡಬಹುದು. ಬೆಲ್ಲ ಕಾಸಿದವಳೇ ಮಾರಲು ಕೂರುತ್ತಾಳೆ, ಸೆರಗನ್ನು ಸೊಂಟಕ್ಕೆ ಬಿಗಿದು, ಕಲೆಗಟ್ಟಿದ ಬರಿಗೈಯನ್ನು ಮುಂದೆ ಚಾಚಿ. ಗಿರಾಕಿ ಮೊದಲು ಆ ಕೈ ನೋಡಿ, ಆಮೇಲೆ ರುಚಿ ನೋಡುತ್ತಾನೆ. ಅವಳ ಜೊತೆಗೆ ಬಂದ ಮನೆಯ ಗಂಡಸರು, ಎಂಥ ಚಳಿಯಿದ್ದರೂ, ಕೆರಿಯ ಶಾಲು ಇಳಿಸಿಟ್ಟಂತೆ ಹೆಗಲಿನ ವಸ್ತ್ರ ತೆಗೆದು ಬಂಡೆಯ ಮೇಲಿಟ್ಟು ಹಿಂದೆ ನಿಲ್ಲುತ್ತಾರೆ.