ಮಿಜುನಾಳ ಸೆರಗು ಚಿಂದಿಯಾದದ್ದು

ಹತ್ತಿರ ಬಾ ಮಗ, ಇನ್ನೂ ಹತ್ತಿರ. ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಬೇಕು. ಸಾಸಿವೆ ಸೊಪ್ಪಿಗಂತೂ ಹೇಳಲೇಬೇಡ, ಅವರ ಮನೆತನದ್ದೇ ಸುದ್ದಿ ಇದು.

ಭೂಮಿ ಇನ್ನೂ ಹಸಿಗೂಸಾಗಿದ್ದ ಕಾಲ. ಸೂರ್ಯ ಹುಟ್ಟೋ ಕಡೆ, ಜಪಾನಿನಲ್ಲಿ, ಉಮೆ ಅಜ್ಜಿಗೊಂದು ಹಿತ್ತಲಿತ್ತು. ಅಲ್ಲಿ ಸಾಸಿವೆಯ ದಾಯಾದಿಗಳು ಇಬ್ಬರು, ಮಿಜುನಾ ಮತ್ತು ಕೊಮಾತ್ಸುನಾ ಅನ್ನೋ ಸೊಪ್ಪುಗಳು. ಅಕ್ಕಪಕ್ಕದ ಮಡಿ, ನಡುವೆ ಬಿದಿರಿನ ತಟ್ಟಿ.

ಆಗ ಮಿಜುನಾಳ ಎಲೆ ಅಗಲ, ಅಂಚು ನುಣುಪು. ಗಾಳಿ ಬಂದರೆ ಸಾಕು, ರೇಷ್ಮೆ ಸೆರಗಿನ ಹಾಗೆ ಬೀಸಿ ಮೆರೆಯುವಳು.

ಮಾಗಿ ಬಂತು. ಉಮೆ ಅಜ್ಜಿ ಅಂದಳು: "ಚಳಿ ಮುಗಿಯಲಿ, ಇಬ್ಬರನ್ನೂ ತಿಂದು ನೋಡ್ತೀನಿ. ಸಿಹಿ ಇದ್ದವಳು ಬೀಜಕ್ಕೆ, ಇಲ್ಲದವಳು ಬೇರುಸಮೇತ ಸಾರಿಗೆ."

ಬೀಜ ಇಲ್ಲ ಅಂದರೆ ವಂಶವೇ ಮುಗೀತಲ್ಲ ಮಗ!

ಬೆಳಗಿನ ಜಾವ ಹಿಮರಾಯ ಬಂದ. ಮಿಜುನಾ ಒಣಹುಲ್ಲು ಹೊದ್ದುಕೊಂಡು, "ಮುಟ್ಟಬೇಡ, ಸೆರಗು ಕೆಡುತ್ತೆ" ಅಂದಳು. ಅವನು ಪಕ್ಕದ ಮಡಿಗೆ ಹೋದ.

ಕೆಲವು ದಿನ ಕಳೆದು ಗುಬ್ಬಿ ಬಂದು ಕೊಮಾತ್ಸುನಾಳ ಎಲೆ ಕುಕ್ಕಿತು. "ಅಬ್ಬಾ, ಬೆಲ್ಲ ಕಣ್ರೋ!"

ಮಿಜುನಾಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಸುಟ್ಟ ಹಾಗಾಯಿತು. ಗಾಳಿಯನ್ನು ಕರೆದಳು. "ಕೇಳಿದೆಯಾ ಸಂಗತಿ? ಹಿಮರಾಯ ಅವಳಿಗೆ ಬೆಲ್ಲ ತಂದು ಕೊಡ್ತಾನೆ. ದಿನಾ, ಬೆಳಕು ಹರಿಯೋ ಮುಂಚೆ! ಮೇಲೆ ನೋಡಿದರೆ ಎಷ್ಟು ಸಾಧು!"

"ಕಣ್ಣಾರೆ ಕಂಡೆಯಾ?" ಅಂತು ಗಾಳಿ.

"ಕಾಣ್ತೀನಿ, ನೋಡ್ತಿರು."

ಮರುದಿನ ಹೊದಿಕೆ ಒದ್ದು, ತಟ್ಟಿಯ ಸಂದಿಗೆ ಎಲೆ ತೂರಿಸಿ ಇಣುಕಿದಳು. ಬೆಲ್ಲವೂ ಇಲ್ಲ, ಸರಸವೂ ಇಲ್ಲ. ಕೊಮಾತ್ಸುನಾ ಗಡಗಡ ನಡುಗುತ್ತಾ, ಮೈ ಹೆಪ್ಪುಗಟ್ಟದಿರಲಿ ಅಂತ ಎಲೆಯೊಳಗೆ ಕೂಡಿಟ್ಟಿದ್ದ ಹಿಟ್ಟಿನ ಸತ್ವವನ್ನೇ ಸಕ್ಕರೆ ಮಾಡಿಕೊಳ್ಳುತ್ತಿದ್ದಳು.

ಮಿಜುನಾ ನಂಬಿದಳೇ? "ಎಲ್ಲೋ ಬಚ್ಚಿಟ್ಟಿದ್ದಾಳೆ" ಅಂತ ಇನ್ನೊಂದು ಸಂದಿ, ಮತ್ತೊಂದು ಸಂದಿ. ಚಳಿಗಾಲ ಪೂರ್ತಿ ಅದೇ ಕೆಲಸ. ಹೊದಿಕೆ ಎಲ್ಲಿ ಬಿತ್ತೋ ಅವಳಿಗೇ ನೆನಪಿಲ್ಲ.

ಒಂದು ಬೆಳಿಗ್ಗೆ ಉಮೆ ಅಜ್ಜಿಯ ಹೆಜ್ಜೆ ಸಪ್ಪಳ. ಸಿಕ್ಕಿಬಿದ್ದೆ ಅಂತ ಮಿಜುನಾ ಎಲೆ ಎಳೆದುಕೊಂಡಳು. ಪರ್‍ರ್! ಸೆರಗೆಲ್ಲ ಚಿಂದಿ.

ಅಜ್ಜಿ ಕೊಮಾತ್ಸುನಾಳ ಎಲೆ ತಿಂದಳು. "ಆಹಾ, ಇವಳು ಬೀಜಕ್ಕೆ." ಆಮೇಲೆ ಮಿಜುನಾಳದ್ದು ಬಾಯಿಗಿಟ್ಟಳು.

"ಚುರ್ ಅನ್ನುತ್ತಲ್ಲೇ! ಹೊಟ್ಟೆಕಿಚ್ಚೆಲ್ಲ ಎಲೆಗೆ ಇಳಿಸಿದ್ದೀಯ." ಅಜ್ಜಿ ಮತ್ತೆ ಅಗಿದಳು. "ತಡಿ, ಹಿಂದೆಯೇ ಸಿಹಿಯೂ ಇದೆ. ನೀನೂ ಇರು."

ಇಣುಕುವ ಭರದಲ್ಲಿ ಅವಳೂ ಹಿಮಕ್ಕೆ ಮೈಯೊಡ್ಡಿದ್ದಳಲ್ಲ!

ಅದಕ್ಕೇ ಮಗ, ಇವತ್ತಿಗೂ ಮಿಜುನಾ ಸೊಪ್ಪಿನ ಅಂಚು ಚಿಂದಿ ಚಿಂದಿ, ತಿಂದರೆ ನಾಲಗೆ ಚುರ್ ಅನ್ನೋದು. ಹಿಮ ಬಿದ್ದ ಮೇಲೆ ಎರಡು ಸೊಪ್ಪೂ ಸಿಹಿಯಾಗೋದು. ಆವತ್ತು ಕೊಮಾತ್ಸುನಾ ತಟ್ಟಿಯ ಮೇಲಿಂದ ಬಗ್ಗಿ ಅವಳ ಮುಖಕ್ಕೇ ಹೇಳಿದ್ದಳಂತೆ:

"ನಡುಗೋದನ್ನೂ ಯಾರಾದರೂ ಕದ್ದು ನೋಡ್ತಾರೇನೇ ತಂಗಿ? ಎದುರಿಗೇ ಕೂತ್ಕೋ, ಇಬ್ಬರೂ ಒಟ್ಟಿಗೆ ನಡುಗೋಣ."