ದುಂಡು ತುದಿಯ ಕತ್ತಿ

ಕಾಡಂಚಿನಲ್ಲಿ ಕ್ಷೌರದ ಕಸುಬು ಮಾಡಿಕೊಂಡಿದ್ದ ದೀರ್ಘಪುಚ್ಛನೆಂಬ ಮುಸುವ ಕೋತಿಯ ಬಳಿಗೆ ಒಮ್ಮೆ ಕರಡಿಯೊಂದು ನರಳುತ್ತ ಬಂದಿತು. ಅದರ ಕಿವಿಯ ಹಿಂದೆ ಗಾಯವಾಗಿ ಕೀವು ತುಂಬಿತ್ತು. ಕೂದಲು ಬೋಳಿಸದೆ ಮದ್ದು ಹಚ್ಚುವಂತಿರಲಿಲ್ಲ.

ಮುಸುವ ತನ್ನ ಪೆಟ್ಟಿಗೆಯಿಂದ ಎರಡು ಮಡಿಚುವ ಕತ್ತಿಗಳನ್ನು ತೆಗೆದು ಬಿಚ್ಚಿದ. ಬೆಳ್ಳಿಹಿಡಿಯ ಕತ್ತಿ, "ನನ್ನನ್ನು ಆರಿಸು. ನನ್ನ ಅಲಗಿನ ಮೇಲೆ ನವಿಲು ಕೆತ್ತಿದ್ದಾರೆ, ನನ್ನ ತುದಿ ಮುಳ್ಳಿಗಿಂತ ಚೂಪು," ಎಂದಿತು.

"ನೀನು ಚೆಲುವಾಗಿದ್ದೀಯೆ, ನಿಜ," ಎಂದು ಮುಸುವ ನವಿಲನ್ನು ಕಣ್ತುಂಬ ನೋಡಿದ. ಆಮೇಲೆ ಎಮ್ಮೆಕೋಡಿನ ಹಿಡಿಯ ಕತ್ತಿಯನ್ನು ಹೊರಳಿಸಿ ನೋಡಿ ಕೇಳಿದ: "ನಿನ್ನ ಅಲಗು ಇಷ್ಟು ಹರಿತ, ತುದಿ ಮಾತ್ರ ದುಂಡಗಿದೆ. ಸವೆದುಹೋಯಿತೇ?"

"ಇಲ್ಲ. ಕಮ್ಮಾರ ನನ್ನನ್ನು ಮಾಡಿದ್ದೇ ಹೀಗೆ."

"ಏಕೆ?"

"ಅವನು ಹೇಳಲಿಲ್ಲ. ಆದರೆ ಅಲಗಿಗಿಂತ ಹೆಚ್ಚು ಹೊತ್ತು ತುದಿಯನ್ನೇ ಉಜ್ಜುತ್ತ ಕೂತಿದ್ದ."

ಮುಸುವನಿಗೆ ಕುತೂಹಲ ತಡೆಯಲಾಗಲಿಲ್ಲ. "ಇಂಥ ಅಲಗು ಮಾಡಬಲ್ಲವನಿಗೆ ತುದಿ ಚೂಪು ಮಾಡುವುದೊಂದು ಕಷ್ಟವೇ? ಬೇಕೆಂದೇ ಹೀಗೆ ಮಾಡಿದ್ದಾನೆ," ಎನ್ನುತ್ತ ಅದನ್ನೇ ಆರಿಸಿಕೊಂಡು ಮೆಲ್ಲಗೆ ಬೋಳಿಸತೊಡಗಿದ.

ಅರ್ಧ ಮುಗಿಯುವಷ್ಟರಲ್ಲಿ ಕರಡಿ ನೋವು ತಾಳದೆ ತಲೆ ಕೊಡವಿತು. ಮುಸುವನ ಕೈ ಜಾರಿತು. ಕತ್ತಿಯ ತುದಿ ನೇರವಾಗಿ ಕಿವಿಯ ಬುಡಕ್ಕೆ ತಾಗಿ, ಬೆರಳು ಸವರಿದಂತೆ ಸವರಿಕೊಂಡು ಹೋಯಿತು. ಒಂದು ಹನಿ ರಕ್ತವೂ ಬರಲಿಲ್ಲ.

"ಎಂಥ ಪಳಗಿದ ಕೈಯಪ್ಪಾ ನಿನ್ನದು!" ಎಂದಿತು ಕರಡಿ.

"ನನ್ನ ಕೈ ತಪ್ಪಿತ್ತು, ಕರಡಿಯಣ್ಣ," ಎಂದ ಮುಸುವ, ದುಂಡು ತುದಿಯ ಮೇಲೆ ಹೆಬ್ಬೆರಳಾಡಿಸುತ್ತ. "ತಪ್ಪುತ್ತದೆಂದು ಕಮ್ಮಾರ ಮೊದಲೇ ಊಹಿಸಿದ್ದ."